‘ರೂಟ್ ಅಲ್ಲ’ ಅಂದರೆ ಸಾಕೇ? ಲಿನಕ್ಸ್ ಪ್ರೋಸೆಸ್‌ನ ಅಧಿಕಾರ ಮತ್ತು ಬೇಲಿಗಳನ್ನು ಬರೆದಿಡುವ ಬಗೆ

ಕೆಲವು ವರ್ಷಗಳ ಹಿಂದೆ ನಾನಿದ್ದ ತಂಡದಲ್ಲಿ ಒಂದು ಬ್ಯಾಕಪ್ ಸರ್ವಿಸ್ ಇತ್ತು. ಅದರ ದಾಖಲೆಯಲ್ಲಿ ಭದ್ರತೆಯ ಬಗ್ಗೆ ಇದ್ದದ್ದು ಒಂದೇ ಸಾಲು: ‘ಈ ಸರ್ವಿಸ್ ರೂಟ್ ಆಗಿ ಓಡುವುದಿಲ್ಲ.’ ರೂಟ್ ಅಂದರೆ ಯಂತ್ರದಲ್ಲಿ ಏನು ಬೇಕಾದರೂ ಮಾಡಬಲ್ಲ ಖಾತೆ. ಆ ಸಾಲು ಸುಳ್ಳಾಗಿರಲಿಲ್ಲ. ಅದಕ್ಕೆಂದೇ ಬೇರೆ ಬಳಕೆದಾರ ಖಾತೆ ಇತ್ತು. ನಾವೆಲ್ಲ ನೆಮ್ಮದಿಯಾಗಿದ್ದೆವು. ಒಂದು ದಿನ ಸಹೋದ್ಯೋಗಿಯೊಬ್ಬರು ಪರೀಕ್ಷೆ ಮಾಡುತ್ತಾ, ಅದೇ ಸರ್ವಿಸ್ ಮೂಲಕ ಯಂತ್ರದ ಶ್ಯಾಡೋ ಫೈಲ್ ಓದಿ ತೋರಿಸಿದರು. ಎಲ್ಲರ ಪಾಸ್‌ವರ್ಡ್ ಹ್ಯಾಶ್‌ಗಳು ಇರುವ ಫೈಲ್ ಅದು. ರೂಟ್ ಬಿಟ್ಟು ಬೇರೆಯವರ ಕೈಗೆ ಸಿಗಬಾರದು.

ಹೇಗಾಯಿತು ಅಂತ ಹುಡುಕಿದಾಗ ಉತ್ತರ ಒಂದೇ ಅಂಕಿಯಲ್ಲಿತ್ತು. ಲಿನಕ್ಸ್‌ನ ತಿರುಳಾದ ಕರ್ನಲ್ ಆ ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಮ್) ಬಗ್ಗೆ ಇಟ್ಟುಕೊಂಡಿದ್ದ ಅಧಿಕಾರದ ಸಾಲಿನಲ್ಲಿ ಹದಿನೈದು ಸೊನ್ನೆ, ಕೊನೆಗೆ ಒಂದು 4. ಆ 4 ಅಂದರೆ ಕ್ಯಾಪ್_ಡ್ಯಾಕ್_ರೀಡ್_ಸರ್ಚ್. ಫೈಲಿನ ಮಾಲೀಕರು ಯಾರೇ ಇರಲಿ, ಅನುಮತಿ ಏನೇ ಇರಲಿ, ಓದಬಹುದು ಅನ್ನುವ ಅಧಿಕಾರ. ಬ್ಯಾಕಪ್‌ಗೆ ಅದು ಬೇಕಿತ್ತು, ಕೊಟ್ಟಿದ್ದು ತಪ್ಪಲ್ಲ. ಆದರೆ ಕೊಟ್ಟಿದ್ದೇವೆ ಅಂತ ಎಲ್ಲೂ ಬರೆದಿರಲಿಲ್ಲ. ಆದ್ದರಿಂದ ಆ ಪ್ರೋಗ್ರಾಮಿನ ಒಂದು ಸಣ್ಣ ಲೋಪ ಇಡೀ ಯಂತ್ರಕ್ಕೆ ಎಷ್ಟು ದುಬಾರಿ ಅಂತ ಯಾರೂ ಯೋಚಿಸಿರಲಿಲ್ಲ.

ಅಂದಿನಿಂದ ನಾನು ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ದಾಖಲೆಗೆ ಕಾನ್ಫಿಗ್ ಫೈಲ್ ಹೇಳಿದ್ದನ್ನು ಬರೆಯುವುದಿಲ್ಲ, ಕರ್ನಲ್ ಹೇಳಿದ್ದನ್ನು ಬರೆಯುತ್ತೇನೆ. ಪ್ರತಿ ಅಧಿಕಾರದ ಮುಂದೆ ‘ಯಾಕೆ’ ಅಂತಲೂ ಬರೆಯುತ್ತೇನೆ. ಈ ಲೇಖನದಲ್ಲಿ ಅದನ್ನೇ ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ. ಉದಾಹರಣೆಗೆ ಕ್ರೋನಿ ತೆಗೆದುಕೊಳ್ಳೋಣ. ಯಂತ್ರದ ಗಡಿಯಾರವನ್ನು ಸರಿಯಾಗಿ ಇಡುವ ಈ ಪ್ರೋಗ್ರಾಮ್ ಬಹಳಷ್ಟು ಲಿನಕ್ಸ್ ಸರ್ವರ್‌ಗಳಲ್ಲಿ ಇರುತ್ತದೆ. ಚಿಕ್ಕದು, ಆದರೆ ಅದಕ್ಕೆ ಬೇಕಾದ ಅಧಿಕಾರ ಚಿಕ್ಕದಲ್ಲ. ಕಲಿಯಲು ಒಳ್ಳೆಯ ಉದಾಹರಣೆ.

ಒಂದು ಮಾತು: ಕಮಾಂಡ್ ಮತ್ತು ಫೈಲ್ ಹೆಸರುಗಳನ್ನು ಇಲ್ಲಿ ಓದಲು ಸುಲಭವಾಗಲಿ ಅಂತ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ.

ಹೆಜ್ಜೆ 1: ಎಷ್ಟು ಪ್ರೋಸೆಸ್ ಇವೆ ಅಂತ ಎಣಿಸಿ

ಇದು ಸುಲಭ ಅನ್ನಿಸುತ್ತದೆ. ಆದರೆ ಜಾಸ್ತಿ ತಪ್ಪುಗಳು ಆಗುವುದು ಇಲ್ಲೇ. ನಮ್ಮ ತಲೆಯಲ್ಲಿ ‘ಸರ್ವಿಸ್’ ಅನ್ನುವುದು ಒಂದು ವಸ್ತು. ಕರ್ನಲ್‌ಗೆ ಸರ್ವಿಸ್ ಅಂದರೆ ಗೊತ್ತೇ ಇಲ್ಲ, ಅದಕ್ಕೆ ಗೊತ್ತಿರುವುದು ಪ್ರೋಸೆಸ್ ಮತ್ತು ಅದರೊಳಗಿನ ಕೆಲಸದ ಎಳೆಗಳಾದ ಥ್ರೆಡ್ ಮಾತ್ರ. ಎಂಜಿನ್‌ಎಕ್ಸ್ ಅನ್ನುವ ವೆಬ್ ಸರ್ವರ್ ನೋಡಿ. ಸಾಮಾನ್ಯವಾಗಿ ಅದರ ಮುಖ್ಯ ಪ್ರೋಸೆಸ್ ರೂಟ್, ಕೆಲಸ ಮಾಡುವ ಮಕ್ಕಳು ಬೇರೆ ಬಳಕೆದಾರ. ‘ಎಂಜಿನ್‌ಎಕ್ಸ್‌ನ ಅಧಿಕಾರ ಏನು’ ಅಂತ ಕೇಳಿದರೆ ಒಂದೇ ಉತ್ತರ ಇಲ್ಲ.

ಡೆಬಿಯನ್ ಅಥವಾ ಉಬುಂಟು ಯಂತ್ರದಲ್ಲಿ ಕ್ರೋನಿಯ ಪಟ್ಟಿ ತೆಗೆದರೆ ಒಂದೇ ಹೆಸರಿನ ಎರಡು ಪ್ರೋಸೆಸ್ ಕಾಣಿಸುವುದುಂಟು. ಒಂದು ಗಡಿಯಾರ ನೋಡಿಕೊಳ್ಳುತ್ತದೆ. ಇನ್ನೊಂದು ಸಹಾಯಕ. ಸರ್ವರ್ ಹೆಸರನ್ನು ಐಪಿ ವಿಳಾಸವಾಗಿ ಬದಲಿಸುವಂಥ ಕೆಲಸವನ್ನು ಅದಕ್ಕೆ ಬಿಟ್ಟಿರುತ್ತಾರೆ. ಎರಡಕ್ಕೂ ದಾಖಲೆಯಲ್ಲಿ ಬೇರೆ ಬೇರೆ ಜಾಗ ಕೊಡಿ.

ಇನ್ನೂ ಒಂದು ಸೂಕ್ಷ್ಮ ಇದೆ. ಲಿನಕ್ಸ್‌ನಲ್ಲಿ ಅಧಿಕಾರ ನಿಜವಾಗಿ ಥ್ರೆಡ್‌ಗೆ ಸೇರಿದ್ದು. ಒಂದೇ ಪ್ರೋಸೆಸ್‌ನ ಎರಡು ಥ್ರೆಡ್‌ಗಳಿಗೆ ಬೇರೆ ಬೇರೆ ಅಧಿಕಾರ ಇರಬಹುದು. ಕರ್ನಲ್ ತನ್ನ ಮಾಹಿತಿ ತೋರಿಸುವ ಪ್ರಾಕ್ ಡೈರೆಕ್ಟರಿಯಲ್ಲಿ ಪ್ರೋಸೆಸ್ ಸಂಖ್ಯೆಯ ಒಳಗೆ ‘ಟಾಸ್ಕ್’ ಅಂತ ಒಂದು ಡೈರೆಕ್ಟರಿ ಇದೆ. ಅಲ್ಲಿ ಪ್ರತಿ ಥ್ರೆಡ್‌ಗೂ ಒಂದೊಂದು ಸ್ಟೇಟಸ್ ಫೈಲ್ ಇರುತ್ತದೆ. ಎಲ್ಲವೂ ಒಂದೇ ಥರ ಇದ್ದರೆ ‘ಎಲ್ಲ ಥ್ರೆಡ್‌ಗಳೂ ಒಂದೇ’ ಅಂತ ಬರೆಯಿರಿ. ಆದರೆ ನೋಡಿದ ಮೇಲೆ ಬರೆಯಿರಿ.

ಹೆಜ್ಜೆ 2: ಯಾರ ಹೆಸರಿನಲ್ಲಿ ಓಡುತ್ತಿದೆ

ಸ್ಟೇಟಸ್ ಫೈಲ್‌ನಲ್ಲಿ ಯುಐಡಿ (ಬಳಕೆದಾರ ಸಂಖ್ಯೆ) ಸಾಲು ಹುಡುಕಿ. ಅಲ್ಲಿ ಒಂದಲ್ಲ, ನಾಲ್ಕು ಸಂಖ್ಯೆಗಳಿವೆ. ಅಸಲಿ, ಈಗ ಜಾರಿಯಲ್ಲಿರುವುದು, ಉಳಿಸಿಟ್ಟದ್ದು, ಫೈಲ್‌ಗಳಿಗೆ ಬಳಸುವುದು. ಇದೇ ಕ್ರಮ.

ಮೂರನೆಯದನ್ನು ಗಮನಿಸಿ. ಮೊದಲೆರಡು 998 ಇದ್ದು ಮೂರನೆಯದು 0 (ರೂಟ್‌ನ ಸಂಖ್ಯೆ) ಇದ್ದರೆ, ಆ ಪ್ರೋಸೆಸ್ ರೂಟ್ ಅಂಗಿಯನ್ನು ಕಳಚಿ ಪಕ್ಕದಲ್ಲೇ ಇಟ್ಟುಕೊಂಡಿದೆ ಅಂತ ಅರ್ಥ. ಬೇಕೆಂದಾಗ ಮತ್ತೆ ತೊಡಬಹುದು. ಅದನ್ನು ವಶಪಡಿಸಿಕೊಂಡ ಕಳ್ಳನೂ ತೊಡಬಹುದು. ಆದ್ದರಿಂದ ನಾಲ್ಕೂ ಸಂಖ್ಯೆ ಬರೆಯಿರಿ.

ಗುಂಪುಗಳ ಸಾಲನ್ನೂ ಬಿಡಬೇಡಿ. ಕಂಟೇನರ್‌ಗಳನ್ನು (ಬೇಲಿ ಹಾಕಿದ ಪ್ರೋಸೆಸ್ ಗುಂಪುಗಳನ್ನು) ಓಡಿಸುವ ಡಾಕರ್ ಸಾಧನದ ಗುಂಪಿನಲ್ಲಿರುವ ಬಳಕೆದಾರನಿಗೆ ರೂಟ್‌ಗೆ ಸಮನಾದ ಶಕ್ತಿ ಇರುತ್ತದೆ. ಡಾಕರ್‌ನ ಸ್ವಂತ ದಾಖಲೆಯೇ ಈ ಎಚ್ಚರಿಕೆ ಕೊಡುತ್ತದೆ. ಡಿಸ್ಕ್ ಗುಂಪು ಕೂಡ ಹಾಗೇ. ಡಿಸ್ಕನ್ನೇ ನೇರವಾಗಿ ಓದಬಲ್ಲವನಿಗೆ ಫೈಲಿನ ಅನುಮತಿ ಏನು ಲೆಕ್ಕ? ಇವು ಯಾವುವೂ ಅಧಿಕಾರದ ಸಾಲಿನಲ್ಲಿ ಕಾಣುವುದಿಲ್ಲ.

ಮೂರು ನಾಲ್ಕು ಸರ್ವಿಸ್‌ಗಳನ್ನು ‘ನೋಬಡಿ’ ಅನ್ನುವ ಒಂದೇ ಖಾತೆಯಲ್ಲಿ ಓಡಿಸುವ ಅಭ್ಯಾಸ ಹಲವು ಕಡೆ ಇದೆ. ಒಂದೇ ಯುಐಡಿ ಇದ್ದರೆ ಒಂದು ಪ್ರೋಸೆಸ್ ಇನ್ನೊಂದಕ್ಕೆ ಸಿಗ್ನಲ್ ಕಳಿಸಿ ಕೊಲ್ಲಬಹುದು. ಒಂದು ಪ್ರೋಸೆಸ್ ಇನ್ನೊಂದರೊಳಗೆ ಇಣುಕುವುದಕ್ಕೆ ಮಿತಿ ಹಾಕುವ ಯಾಮಾದ ಪಿಟ್ರೇಸ್ ನಿಯಮ ಸಡಿಲ ಇದ್ದರೆ ಮೆಮೊರಿಯನ್ನೇ ಓದಬಹುದು. ನಿಮ್ಮ ಸರ್ವಿಸ್ ಬೇರೆಯವರ ಜೊತೆ ಖಾತೆ ಹಂಚಿಕೊಂಡಿದ್ದರೆ ಅದನ್ನು ಸ್ಪಷ್ಟವಾಗಿ ಬರೆಯಿರಿ.

ಹೆಜ್ಜೆ 3: ಕೇಪಬಿಲಿಟಿಗಳು

ಮೊದಲು ರೂಟ್ ಅಂದರೆ ಎಲ್ಲ, ರೂಟ್ ಅಲ್ಲ ಅಂದರೆ ಏನೂ ಇಲ್ಲ. 1999ರಲ್ಲಿ ಬಂದ 2.2 ಕರ್ನಲ್‌ನಿಂದ ಲಿನಕ್ಸ್ ಆ ಶಕ್ತಿಯನ್ನು ತುಂಡು ತುಂಡು ಮಾಡಿತು. ಆ ತುಂಡುಗಳೇ ಕೇಪಬಿಲಿಟಿಗಳು. 2020ರ 5.9 ಕರ್ನಲ್ ಹೊತ್ತಿಗೆ 41 ಆದವು, 0ಯಿಂದ 40ರವರೆಗೆ. ನಿಮ್ಮ ಕರ್ನಲ್‌ನಲ್ಲಿ ಕೊನೆಯ ಸಂಖ್ಯೆ ಎಷ್ಟು ಅಂತ ಪ್ರಾಕ್ ಒಳಗಿನ ‘ಕ್ಯಾಪ್_ಲಾಸ್ಟ್_ಕ್ಯಾಪ್’ ಫೈಲ್ ಹೇಳುತ್ತದೆ. ಆ ಸಂಖ್ಯೆಯನ್ನು ದಾಖಲೆಯ ತಲೆಯಲ್ಲೇ ಬರೆದಿಡಿ.

ಸ್ಟೇಟಸ್ ಫೈಲ್‌ನಲ್ಲಿ ಐದು ಸಾಲುಗಳಿವೆ. ಇನ್‌ಹೆರಿಟೆಬಲ್, ಪರ್ಮಿಟೆಡ್, ಎಫೆಕ್ಟಿವ್, ಬೌಂಡಿಂಗ್, ಆಂಬಿಯೆಂಟ್. ಈಗ ಜಾರಿಯಲ್ಲಿರುವುದು ಎಫೆಕ್ಟಿವ್. ಯಾವಾಗ ಬೇಕಾದರೂ ಜಾರಿಗೆ ತರಬಹುದಾದದ್ದು ಪರ್ಮಿಟೆಡ್. ಕಳ್ಳನ ದೃಷ್ಟಿಯಿಂದ ಈ ಎರಡಕ್ಕೂ ವ್ಯತ್ಯಾಸ ಕಡಿಮೆ. ಅದಕ್ಕೇ ದಾಖಲೆಯಲ್ಲಿ ಪರ್ಮಿಟೆಡ್‌ಗೆ ಜಾಸ್ತಿ ಮಹತ್ವ ಕೊಡಿ. ಹೊಸ ಪ್ರೋಗ್ರಾಮ್ ಒಂದನ್ನು ಚಾಲೂ ಮಾಡಿದಾಗ ಅದರ ಫೈಲ್‌ನಿಂದ ಸಿಗುವ ಅಧಿಕಾರಕ್ಕೆ ಮಿತಿ ಹಾಕುವುದು ಬೌಂಡಿಂಗ್. ಆಂಬಿಯೆಂಟ್ 2015ರಲ್ಲಿ, 4.3 ಕರ್ನಲ್‌ನಲ್ಲಿ ಸೇರಿದ್ದು. ರೂಟ್ ಅಲ್ಲದ ಪ್ರೋಸೆಸ್ ತನ್ನ ಅಧಿಕಾರವನ್ನು ತಾನು ಚಾಲೂ ಮಾಡುವ ಪ್ರೋಗ್ರಾಮ್‌ಗೂ ದಾಟಿಸಲು ಅದು ದಾರಿ. ನಮ್ಮ ಬ್ಯಾಕಪ್ ಸರ್ವಿಸ್‌ಗೆ ಆ 4 ಬಂದಿದ್ದು ಈ ದಾರಿಯಲ್ಲೇ.

ಈ ಸಾಲುಗಳು ಹದಿನಾರರ ಲೆಕ್ಕದಲ್ಲಿ ಇರುತ್ತವೆ, ಒಂದೊಂದು ಬಿಟ್ ಒಂದೊಂದು ಅಧಿಕಾರ. ಕ್ಯಾಪ್‌ಎಸ್‌ಎಚ್ ಕಮಾಂಡ್‌ಗೆ ಡಿಕೋಡ್ ಆಯ್ಕೆ ಕೊಟ್ಟು ಈ ಸಂಖ್ಯೆ ಹಾಕಿದರೆ ಹೆಸರುಗಳು ಬರುತ್ತವೆ. ಒಂದು 1 ಮತ್ತು ಅದರ ಬಲಕ್ಕೆ ಹತ್ತು ಎಫ್ ಕಂಡರೆ 41 ಅಧಿಕಾರಗಳೂ ಇವೆ ಅಂತ ಅರ್ಥ. ಅದು ಪೂರ್ತಿ ರೂಟ್.

ಬೇರೆಯವರಿಗೂ ಸಮಯ ಹೇಳುವ ಸರ್ವರ್ ಆಗಿರುವ ಯಂತ್ರದಲ್ಲಿ ಕ್ರೋನಿಯ ಎಫೆಕ್ಟಿವ್ ಸಾಲು ಸಾಮಾನ್ಯವಾಗಿ 2000400 ಅಂತ ಕಾಣುತ್ತದೆ. ನಿಮ್ಮ ಆವೃತ್ತಿ ಮತ್ತು ಸೆಟ್ಟಿಂಗ್ ಪ್ರಕಾರ ಸ್ವಲ್ಪ ಬೇರೆ ಇರಬಹುದು. ಬಿಡಿಸಿದರೆ ಎರಡೇ ಅಧಿಕಾರ. 400 ಅಂದರೆ, 0ಯಿಂದ ಎಣಿಸಿದರೆ, ಹತ್ತನೆಯ ಬಿಟ್, ಕ್ಯಾಪ್_ನೆಟ್_ಬೈಂಡ್_ಸರ್ವಿಸ್. 2000000 ಅಂದರೆ ಇಪ್ಪತ್ತೈದನೆಯ ಬಿಟ್, ಕ್ಯಾಪ್_ಸಿಸ್_ಟೈಮ್.

ಬಹಳ ಜನ ಈ ಎರಡು ಹೆಸರು ಬರೆದು ನಿಲ್ಲಿಸುತ್ತಾರೆ. ಅಷ್ಟಕ್ಕೇ ನಿಂತರೆ ಯಂತ್ರ ಹೇಳುವುದನ್ನು ಮತ್ತೆ ಬರೆದಂತಾಯಿತು ಅಷ್ಟೆ. ಪ್ರತಿ ಅಧಿಕಾರಕ್ಕೂ ಮೂರು ಪ್ರಶ್ನೆಗೆ ಉತ್ತರ ಬೇಕು. ಯಾಕೆ ಬೇಕು? ತೆಗೆದರೆ ಏನು ನಿಲ್ಲುತ್ತದೆ? ಕೆಟ್ಟವರ ಕೈಗೆ ಸಿಕ್ಕರೆ ಏನಾಗುತ್ತದೆ? ನಾನು ಬರೆಯುವುದು ಹೀಗೆ:

ಕ್ಯಾಪ್_ನೆಟ್_ಬೈಂಡ್_ಸರ್ವಿಸ್. ಯಾಕೆ: ಸಮಯ ಹಂಚುವ ಎನ್‌ಟಿಪಿ ಪ್ರೊಟೊಕಾಲ್‌ನ ಪೋರ್ಟ್ 123, ಅದು 1024ಕ್ಕಿಂತ ಕೆಳಗೆ ಇದೆ, ಅಲ್ಲಿ ಕೂರಲು ಈ ಅಧಿಕಾರ ಬೇಕು. ತೆಗೆದರೆ: ಬೇರೆ ಯಂತ್ರಗಳಿಗೆ ಸಮಯ ಹೇಳುವುದು ನಿಲ್ಲುತ್ತದೆ, ತನ್ನ ಗಡಿಯಾರ ಸರಿ ಮಾಡಿಕೊಳ್ಳುವುದು ನಿಲ್ಲುವುದಿಲ್ಲ. ಕೆಟ್ಟ ಕೈಗೆ ಸಿಕ್ಕರೆ: 1024ರ ಕೆಳಗಿನ ಖಾಲಿ ಪೋರ್ಟ್‌ನಲ್ಲಿ ಕೂತು ಬೇರೆ ಸರ್ವಿಸ್‌ನ ವೇಷ ಹಾಕಬಹುದು. ಷರತ್ತು: ಯಂತ್ರ ಬರೀ ಕ್ಲೈಂಟ್ ಆದರೆ ಇದು ಬೇಕಿಲ್ಲ.

ಕ್ಯಾಪ್_ಸಿಸ್_ಟೈಮ್. ಯಾಕೆ: ಯಂತ್ರದ ಗಡಿಯಾರ ತಿದ್ದಲು. ತೆಗೆದರೆ: ಈ ಸರ್ವಿಸ್‌ನ ಉದ್ದೇಶವೇ ಹೋಗುತ್ತದೆ. ಕೆಟ್ಟ ಕೈಗೆ ಸಿಕ್ಕರೆ: ಯಂತ್ರದ ಸಮಯ ಹಿಂದೆ ಮುಂದೆ ಮಾಡಬಹುದು.

ಕೊನೆಯ ಉತ್ತರವನ್ನು ಅಲ್ಲಿಗೇ ಬಿಡಬೇಡಿ. ಸಮಯ ಹಿಂದೆ ಮುಂದೆ ಆದರೆ ಏನಾಗುತ್ತದೆ? ಅವಧಿ ಮುಗಿದ ಸರ್ಟಿಫಿಕೇಟ್ ಮತ್ತೆ ಚಾಲ್ತಿಯಲ್ಲಿ ಇರುವಂತೆ ಕಾಣುತ್ತದೆ. ಮೊಬೈಲ್ ಆಪ್‌ನಲ್ಲಿ 30 ಸೆಕೆಂಡಿಗೊಮ್ಮೆ ಬದಲಾಗುವ ಲಾಗಿನ್ ಕೋಡ್‌ಗಳು ಹೊಂದುವುದಿಲ್ಲ. ಕರ್ಬೆರೋಸ್ ಅನ್ನುವ ನೆಟ್‌ವರ್ಕ್ ಲಾಗಿನ್ ವ್ಯವಸ್ಥೆ ಇರುವ ಕಡೆ ಸಾಮಾನ್ಯವಾಗಿ 5 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಆದರೆ ಲಾಗಿನ್ನೇ ಆಗುವುದಿಲ್ಲ. ಲಾಗ್‌ಗಳ ಹೊತ್ತು ಗೊಂದಲವಾಗಿ, ಏನಾಯಿತು ಅಂತ ಆಮೇಲೆ ಹುಡುಕುವುದೂ ಕಷ್ಟ. ‘ಬರೀ ಗಡಿಯಾರ’ ಅಂದುಕೊಂಡ ಅಧಿಕಾರದ ತೂಕ ಇಷ್ಟು. ಇದನ್ನು ಓದಿದ ಹೊಸ ಎಂಜಿನಿಯರ್ ಕ್ರೋನಿಯನ್ನು ಸುಮ್ನೆ ಒಂದು ಸಣ್ಣ ಸರ್ವಿಸ್ ಅಂತ ನೋಡುವುದಿಲ್ಲ.

ಈಗ ಕ್ಯಾಪ್_ಸಿಸ್_ಅಡ್ಮಿನ್ ಬಗ್ಗೆ. ಎಲ್ಲಿ ಹಾಕಬೇಕು ಅಂತ ಗೊತ್ತಾಗದ ಕೆಲಸಗಳನ್ನೆಲ್ಲ ಕರ್ನಲ್ ಬರೆಯುವವರು ವರ್ಷಾನುಗಟ್ಟಲೆ ಈ ಚೀಲಕ್ಕೆ ತುಂಬಿದ್ದಾರೆ. ಮೌಂಟ್ ಮಾಡುವುದು ಇದರಲ್ಲಿದೆ, ಹೆಚ್ಚಿನ ನೇಮ್‌ಸ್ಪೇಸ್ (ಹೆಜ್ಜೆ 5ರ ಬೇಲಿ) ಮಾಡುವುದೂ ಇದರಲ್ಲೇ ಇದೆ. ಮ್ಯಾನ್ ಪುಟಗಳನ್ನು ವರ್ಷಗಳ ಕಾಲ ನೋಡಿಕೊಂಡ ಮೈಕಲ್ ಕೆರಿಸ್ಕ್ ಇದನ್ನು ‘ಹೊಸ ರೂಟ್’ ಅಂತಲೇ ಕರೆದರು. ನಿಮ್ಮ ಪ್ರೋಸೆಸ್‌ನಲ್ಲಿ ಈ ಬಿಟ್ ಇದ್ದರೆ ‘ಕೆಲವು ಆಡಳಿತ ಕೆಲಸಗಳಿಗೆ’ ಅಂತ ಬರೆಯಬೇಡಿ. ‘ಇದು ಹೆಚ್ಚುಕಡಿಮೆ ರೂಟ್’ ಅಂತ ಬರೆದು, ಯಾವ ಸಿಸ್ಟಮ್ ಕಾಲ್‌ಗಾಗಿ (ಕರ್ನಲ್‌ಗೆ ಮಾಡುವ ಯಾವ ಕೋರಿಕೆಗಾಗಿ) ಬೇಕು ಅಂತ ಹೆಸರಿಸಿ.

ಶುರುವಿನಲ್ಲಿ ಒಂದು ಅಧಿಕಾರ, ಆಮೇಲೆ ಇನ್ನೊಂದು ಇರುವುದನ್ನೂ ದಾಖಲಿಸಬೇಕು. ಕ್ರೋನಿ ಸಾಮಾನ್ಯವಾಗಿ ರೂಟ್ ಆಗಿ ಶುರುವಾಗಿ, ಬೇಕಾದ ಸಿದ್ಧತೆ ಮಾಡಿಕೊಂಡು, ತಾನೇ ಕೆಳಗಿಳಿಯುತ್ತದೆ. ಹಾಗಾಗಿ ಅದರ ಬೌಂಡಿಂಗ್ ಸಾಲು ಎಫೆಕ್ಟಿವ್‌ಗಿಂತ ದೊಡ್ಡದಿರುತ್ತದೆ. ‘ಶುರುವಾಗುವಾಗ’ ಮತ್ತು ‘ನೆಲೆ ನಿಂತ ಮೇಲೆ’ ಅಂತ ಎರಡು ಕಾಲಂ ಮಾಡಿ.

ಹೆಜ್ಜೆ 4: ಹೊಸ ಅಧಿಕಾರ ಸಿಗದಂತೆ ಬಾಗಿಲು ಹಾಕಿದೆಯೇ

ಎರಡು ಸಾಲು ನೋಡಿ. ಮೊದಲನೆಯದು ‘ನೋನ್ಯೂಪ್ರಿವ್ಸ್’. ಇದು 1 ಇದ್ದರೆ ಸೆಟ್‌ಯುಐಡಿ ಪ್ರೋಗ್ರಾಮ್ (ಫೈಲಿನ ಮಾಲೀಕರ ಹೆಸರಿನಲ್ಲಿ ಓಡುವಂಥದ್ದು) ಓಡಿಸಿದರೂ ಹೊಸ ಅಧಿಕಾರ ಸಿಗುವುದಿಲ್ಲ. ಒಮ್ಮೆ 1 ಆದರೆ ಮತ್ತೆ 0 ಮಾಡಲು ಆಗದು. ಮಕ್ಕಳಿಗೂ ಅದೇ ಬರುತ್ತದೆ. 0 ಇದ್ದರೆ ಯಾಕೆ 0 ಅಂತ ಬರೆಯಿರಿ. ಕಾರಣ ಇಲ್ಲದಿದ್ದರೆ ಅದು ಸರಿಮಾಡಬೇಕಾದ ಕೆಲಸ.

ಎರಡನೆಯದು ‘ಸೆಕ್‌ಕಾಂಪ್’, ಯಾವ ಸಿಸ್ಟಮ್ ಕಾಲ್ ಮಾಡಬಹುದು ಅಂತ ಮಿತಿ ಹಾಕುವುದು. 0 ಅಂದರೆ ಇಲ್ಲ. 1 ಅಂದರೆ 2005ರಲ್ಲಿ ಬಂದ ಹಳೆಯ ಬಿಗಿ ರೂಪ: ಓದು, ಬರೆ, ಮುಗಿಸು, ಸಿಗ್ನಲ್‌ನಿಂದ ಮರಳು, ಇಷ್ಟೇ. 2 ಅಂದರೆ ಯಾವ ಸಿಸ್ಟಮ್ ಕಾಲ್ ಬಿಡಬೇಕು ಅಂತ ಹೇಳುವ ಫಿಲ್ಟರ್ ಇದೆ. ಇದು 2012ರಲ್ಲಿ, 3.5 ಕರ್ನಲ್‌ನಲ್ಲಿ ಬಂದಿದ್ದು. ಡೆಬಿಯನ್‌ನಲ್ಲಿ ಕ್ರೋನಿಯನ್ನು ‘ಎಫ್ 1’ ಆಯ್ಕೆಯೊಂದಿಗೆ ಓಡಿಸುತ್ತಾರೆ, ಆದ್ದರಿಂದ ಅಲ್ಲಿ 2 ಕಾಣಬೇಕು.

ಆದರೆ 2 ಅನ್ನುವ ಅಂಕಿ ಫಿಲ್ಟರ್ ಇದೆ ಅಂತ ಮಾತ್ರ ಹೇಳುತ್ತದೆ, ಅದರೊಳಗೆ ಏನಿದೆ ಅಂತ ಹೇಳುವುದಿಲ್ಲ. ನೂರಕ್ಕೆ ತೊಂಬತ್ತೊಂಬತ್ತು ಕಾಲ್‌ಗಳನ್ನು ಬಿಡುವ ಫಿಲ್ಟರ್ ಇದ್ದರೂ 2 ಅಂತಲೇ ಬರುತ್ತದೆ. ಅದಕ್ಕೇ ದಾಖಲೆಯಲ್ಲಿ ಫಿಲ್ಟರ್ ಎಲ್ಲಿಂದ ಬಂತು ಅಂತ ಬರೆಯಬೇಕು. ಪ್ರೋಗ್ರಾಮ್ ತಾನೇ ಹಾಕಿಕೊಂಡಿದ್ದೇ, ಸರ್ವಿಸ್‌ಗಳನ್ನು ಶುರು ಮಾಡಿ ನೋಡಿಕೊಳ್ಳುವ ಸಿಸ್ಟಮ್‌ಡಿ ಹಾಕಿದ್ದೇ, ಕಂಟೇನರ್ ಸಾಧನ ಹಾಕಿದ್ದೇ? ಒಪ್ಪದ ಕಾಲ್ ಬಂದರೆ ಪ್ರೋಸೆಸ್ ಸಾಯುತ್ತದೆಯೇ, ಬರೀ ಎರರ್ ಬರುತ್ತದೆಯೇ? ನಡುರಾತ್ರಿ ಎದ್ದು ‘ಸರ್ವಿಸ್ ಯಾಕೆ ಸತ್ತಿತು’ ಅಂತ ಹುಡುಕುವವರಿಗೆ ಈ ಒಂದು ಸಾಲು ಗಂಟೆಗಟ್ಟಲೆ ಸಮಯ ಉಳಿಸುತ್ತದೆ.

ಫಿಲ್ಟರ್‌ನ ಮಿತಿಯನ್ನೂ ಬರೆಯಿರಿ. ಸೆಕ್‌ಕಾಂಪ್ ಪಾಯಿಂಟರ್ (ಮೆಮೊರಿ ವಿಳಾಸ) ಹಿಂದೆ ಏನಿದೆ ಅಂತ ನೋಡಲಾರದು. ಫೈಲ್ ತೆರೆಯಲು ಬಿಡು ಅಥವಾ ಬಿಡಬೇಡ ಅನ್ನಬಹುದು, ‘ಈ ಫೈಲ್ ಮಾತ್ರ’ ಅನ್ನಲು ಆಗದು. ಐಒ_ಯೂರಿಂಗ್ (ಓದು-ಬರೆ ಕೋರಿಕೆಗಳನ್ನು ಕರ್ನಲ್‌ಗೆ ಸಾಲಾಗಿ ಒಪ್ಪಿಸುವ ದಾರಿ) ಬಳಸಲು ಬಿಟ್ಟಿದ್ದರೆ ಅದರ ಮೂಲಕ ಹೋಗುವ ಕೆಲಸಗಳು ಈ ಫಿಲ್ಟರ್‌ಗೆ ಕಾಣುವುದೇ ಇಲ್ಲ.

ಹೆಜ್ಜೆ 5: ನೇಮ್‌ಸ್ಪೇಸ್, ಅಂದರೆ ಬೇಲಿಗಳು

ಇಲ್ಲಿಯವರೆಗೆ ನೋಡಿದ್ದು ಪ್ರೋಸೆಸ್ ಏನು ಮಾಡಬಹುದು ಅಂತ. ಈಗ ನೋಡುವುದು ಅದಕ್ಕೆ ಏನು ಕಾಣುತ್ತದೆ ಅಂತ. ಲಿನಕ್ಸ್‌ನಲ್ಲಿ ಎಂಟು ಬಗೆಯ ನೇಮ್‌ಸ್ಪೇಸ್ ಇವೆ: ಮೌಂಟ್ (ಫೈಲ್‌ಸಿಸ್ಟಮ್‌ಗಳು), ಯುಟಿಎಸ್ (ಯಂತ್ರದ ಹೆಸರು), ಐಪಿಸಿ (ಪ್ರೋಸೆಸ್‌ಗಳ ನಡುವಿನ ಮಾತು), ಪಿಐಡಿ (ಪ್ರೋಸೆಸ್ ಸಂಖ್ಯೆ), ನೆಟ್‌ವರ್ಕ್, ಯೂಸರ್, ಸಿಗ್ರೂಪ್ (ಸಂಪನ್ಮೂಲ ಮಿತಿಯ ಗುಂಪು), ಟೈಮ್. ಮೌಂಟ್ 2002ರಲ್ಲಿ ಬಂತು. ಟೈಮ್ ಬಂದಿದ್ದು 2020ರಲ್ಲಿ.

ರೂಟ್ ಆಗಿ ಪ್ರಾಕ್ ಒಳಗೆ ನಿಮ್ಮ ಪ್ರೋಸೆಸ್‌ನ ‘ಎನ್‌ಎಸ್’ ಡೈರೆಕ್ಟರಿ ನೋಡಿ. ಪ್ರತಿ ಬಗೆಯ ಮುಂದೆ ಒಂದು ದೊಡ್ಡ ಸಂಖ್ಯೆ ಇರುತ್ತದೆ. ಅದೇ ಸಂಖ್ಯೆಯನ್ನು 1ನೇ ಪ್ರೋಸೆಸ್‌ನಲ್ಲೂ ನೋಡಿ. ಎರಡೂ ಒಂದೇ ಆದರೆ ಬೇಲಿ ಇಲ್ಲ. ಬೇರೆ ಆದರೆ ಇದೆ. ಇಷ್ಟು ಸರಳ. ಕಂಟೇನರ್ ಒಳಗೆ ಕೂತು ನೋಡಬೇಡಿ, ಅಲ್ಲಿನ 1 ಬೇರೆ ಪ್ರೋಸೆಸ್. ಹೋಸ್ಟ್‌ನಿಂದಲೇ, ಅಂದರೆ ಕಂಟೇನರ್ ಓಡಿಸುವ ಮೂಲ ಯಂತ್ರದಿಂದಲೇ ನೋಡಿ. ಯೂಸರ್ ನೇಮ್‌ಸ್ಪೇಸ್‌ನ ಮೂಲ ಸಂಖ್ಯೆ 4026531837. ಅದು ಕಂಡರೆ ಆ ಪ್ರೋಸೆಸ್‌ನ ಅಧಿಕಾರಗಳು ಇಡೀ ಯಂತ್ರಕ್ಕೆ ಅನ್ವಯ.

ದಾಖಲೆಯಲ್ಲಿ ಎಂಟೂ ಸಾಲು ಬರೆಯಿರಿ. ‘ಹೋಸ್ಟ್‌ನದ್ದೇ’ ಅಥವಾ ‘ಬೇರೆ’ ಅಂದರೆ ಸಾಕು, ಸಂಖ್ಯೆ ಬೇಡ. ಹೋಸ್ಟ್‌ನ ಮೂಲ ನೇಮ್‌ಸ್ಪೇಸ್ ಬಿಟ್ಟು ಉಳಿದವುಗಳ ಸಂಖ್ಯೆ ಪ್ರತಿ ಸಲ ಶುರು ಮಾಡಿದಾಗಲೂ ಬದಲಾಗಬಹುದು. ಸಿಸ್ಟಮ್‌ಡಿಯಲ್ಲಿ ‘ಪ್ರೈವೇಟ್‌ಟೆಂಪ್’ ಹಾಕಿರುವ ಕ್ರೋನಿಯಲ್ಲಿ ಸಾಮಾನ್ಯವಾಗಿ ಮೌಂಟ್ ಬೇರೆ ಇರುತ್ತದೆ. ನೆಟ್‌ವರ್ಕ್ ಹೋಸ್ಟ್‌ನದ್ದೇ, ಯೂಸರ್ ಹೋಸ್ಟ್‌ನದ್ದೇ.

ಟೈಮ್ ಸಾಲಿನಲ್ಲಿ ಜನ ಮೋಸ ಹೋಗುತ್ತಾರೆ. ಟೈಮ್ ನೇಮ್‌ಸ್ಪೇಸ್ ಬೇರೆ ಇದೆ ಅಂದರೆ ಗಡಿಯಾರವೂ ಬೇರೆ ಇದೆ ಅಂತ ಅನ್ನಿಸುತ್ತದೆ ಅಲ್ವಾ? ಹಾಗಿಲ್ಲ. ಅದು ಬೇರೆ ಮಾಡುವುದು ಯಂತ್ರ ಶುರುವಾದಾಗಿನಿಂದ ಎಣಿಸುವ ಗಡಿಯಾರಗಳನ್ನು ಮಾತ್ರ. ತಾರೀಖು, ಗಂಟೆ, ನಿಮಿಷ ಹೇಳುವ ಗಡಿಯಾರ ಇಡೀ ಯಂತ್ರಕ್ಕೆ ಒಂದೇ. ಹಾಗಾಗಿ ಹೋಸ್ಟ್‌ನ ಯೂಸರ್ ನೇಮ್‌ಸ್ಪೇಸ್‌ನಲ್ಲೇ ಇರುವ ಕಂಟೇನರ್‌ಗೆ ಕ್ಯಾಪ್_ಸಿಸ್_ಟೈಮ್ ಕೊಟ್ಟರೆ, ಅದು ಬದಲಿಸುವುದು ಎಲ್ಲರ ಗಡಿಯಾರವನ್ನು. ತನ್ನದೇ ಯೂಸರ್ ನೇಮ್‌ಸ್ಪೇಸ್ ಇರುವ ಕಂಟೇನರ್‌ನಲ್ಲಿ ಅದೇ ಬಿಟ್ ಕಂಡರೂ ಗಡಿಯಾರ ಬದಲಾಗುವುದಿಲ್ಲ, ಕರ್ನಲ್ ಒಪ್ಪುವುದಿಲ್ಲ. ಬಿಟ್ ಒಂದೇ, ಬೆಲೆ ಬೇರೆ.

ಅಂದರೆ ಕೇಪಬಿಲಿಟಿ ಬರೆಯುವಾಗ ‘ಯಾವ ಯೂಸರ್ ನೇಮ್‌ಸ್ಪೇಸ್‌ನಲ್ಲಿ’ ಅಂತ ಜೊತೆಗೆ ಬರೆಯಲೇಬೇಕು. ಯುಐಡಿ_ಮ್ಯಾಪ್ ಫೈಲ್‌ನ ಸಾಲನ್ನೂ ಸೇರಿಸಿ. ಅದರಲ್ಲಿ 0, 100000, 65536 ಅಂತ ಇದ್ದರೆ ಒಳಗಿನ ರೂಟ್ ಹೊರಗೆ 100000ನೇ ಬಳಕೆದಾರ, ಅಲ್ಲಿಂದ 65536 ಸಂಖ್ಯೆಗಳು ಅದಕ್ಕೆ ಸೇರಿವೆ.

ಹಾಗಂತ ಯೂಸರ್ ನೇಮ್‌ಸ್ಪೇಸ್ ಒಳಗಿನ ಅಧಿಕಾರ ಬರೀ ಆಟದ ಸಾಮಾನು ಅಂದುಕೊಳ್ಳಬೇಡಿ. 2022ರ ಜನವರಿಯಲ್ಲಿ ಸಿವಿಇ-2022-0185 ಅನ್ನುವ ಲೋಪ ಹೊರಬಂತು. ಸಾಮಾನ್ಯ ಬಳಕೆದಾರ ತನ್ನದೇ ಯೂಸರ್ ನೇಮ್‌ಸ್ಪೇಸ್ ಮಾಡಿಕೊಂಡು, ಅದರೊಳಗೆ ಕ್ಯಾಪ್_ಸಿಸ್_ಅಡ್ಮಿನ್ ಪಡೆದು, ಕರ್ನಲ್‌ನ ಫೈಲ್‌ಸಿಸ್ಟಮ್ ಭಾಗದಲ್ಲಿದ್ದ ದೋಷವನ್ನು ಮುಟ್ಟಲು ಆಗುತ್ತಿತ್ತು. ಆ ಬಾಗಿಲಿಲ್ಲದೆ ಅವನಿಗೆ ಆ ದೋಷದ ಹತ್ತಿರವೂ ಹೋಗಲು ಆಗುತ್ತಿರಲಿಲ್ಲ. ಆದ್ದರಿಂದ ‘ಈ ಪ್ರೋಸೆಸ್ ಹೊಸ ಯೂಸರ್ ನೇಮ್‌ಸ್ಪೇಸ್ ಮಾಡಬಲ್ಲದೇ’ ಅನ್ನುವುದೂ ದಾಖಲೆಯ ಒಂದು ಪ್ರಶ್ನೆ.

ಹೆಜ್ಜೆ 6: ಬೇಲಿಯ ಸಂದುಗಳು

ನನ್ನ ಅನುಭವದಲ್ಲಿ ದಾಖಲೆಗಳಲ್ಲಿ ಬಿಟ್ಟುಹೋಗುವ ಭಾಗ ಇದೇ. ಅಧಿಕಾರದ ಸಾಲು ಶುದ್ಧವಾಗಿರಬಹುದು, ಬೇಲಿ ಎಂಟೂ ಕಡೆ ಇರಬಹುದು. ಆದರೂ ಪ್ರೋಸೆಸ್‌ನ ಕೈಯಲ್ಲಿ ಮೊದಲೇ ತೆರೆದ ಫೈಲ್ ಒಂದು ಉಳಿದಿದ್ದರೆ ಸಾಕು. ಕರ್ನಲ್ ಅನುಮತಿ ನೋಡುವುದು ಬಹುಪಾಲು ಫೈಲ್ ತೆರೆಯುವಾಗ. ತೆರೆದಾದ ಮೇಲೆ ಆ ಹಿಡಿಕೆ ಯಾರ ಕೈಗೆ ಹೋದರೂ ಕೆಲಸ ಮಾಡುತ್ತದೆ.

2019ರ ಫೆಬ್ರವರಿಯ ರನ್‌ಸಿ ಪ್ರಕರಣ ಇದಕ್ಕೆ ಸಾಕ್ಷಿ, ಸಿವಿಇ-2019-5736. ರನ್‌ಸಿ ಅನ್ನುವುದು ಕಂಟೇನರ್‌ಗೆ ಬೇಲಿ ಹಾಕುವ ಸಾಧನ. ಅದು ಕಂಟೇನರ್ ಒಳಗೆ ಕಾಲಿಟ್ಟ ಕ್ಷಣದಲ್ಲಿ, ಒಳಗಿದ್ದ ಕೆಟ್ಟ ಪ್ರೋಸೆಸ್ ಪ್ರಾಕ್ ಮೂಲಕ ರನ್‌ಸಿಯ ಫೈಲಿಗೇ ಹಿಡಿಕೆ ಪಡೆದು, ಹೋಸ್ಟ್‌ನಲ್ಲಿದ್ದ ಆ ಪ್ರೋಗ್ರಾಮನ್ನೇ ತಿದ್ದಿ ಬರೆಯಬಹುದಿತ್ತು. ಮುಂದಿನ ಸಲ ರನ್‌ಸಿ ಓಡಿದಾಗ ಕಳ್ಳನ ಕೋಡ್ ಹೋಸ್ಟ್‌ನ ರೂಟ್ ಆಗಿ ಓಡುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಕಂಟೇನರ್ ಒಳಗಿನ ರೂಟ್ ಹೊರಗೂ ರೂಟ್ ಆಗಿದ್ದರಿಂದಲೇ ಅದು ಸಾಧ್ಯವಾಯಿತು. ಯೂಸರ್ ನೇಮ್‌ಸ್ಪೇಸ್ ಸರಿಯಾಗಿ ಬಳಸಿದ್ದವರಿಗೆ ತೊಂದರೆ ಇರಲಿಲ್ಲ.

ಹಾಗಾಗಿ ಪ್ರಾಕ್ ಒಳಗಿನ ‘ಎಫ್‌ಡಿ’ ಡೈರೆಕ್ಟರಿ ನೋಡಿ, ತೆರೆದಿರುವುದನ್ನೆಲ್ಲ ಪಟ್ಟಿ ಮಾಡಿ. ಸರ್ವಿಸ್‌ನ ಸ್ವಂತ ಲಾಗ್, ಸಾಕೆಟ್ ಬಿಟ್ಟು ಬೇರೆ ಏನು ಕಂಡರೂ ಕಾರಣ ಬರೆಯಿರಿ. ಯುನಿಕ್ಸ್ ಸಾಕೆಟ್‌ಗಳನ್ನು ವಿಶೇಷವಾಗಿ ನೋಡಿ. ಡಾಕರ್‌ನ ಸಾಕೆಟ್ ಕಂಟೇನರ್ ಒಳಗೆ ಕಾಣುತ್ತಿದ್ದರೆ, ಉಳಿದ ಪುಟಗಳಲ್ಲಿ ಬರೆದದ್ದೆಲ್ಲ ವ್ಯರ್ಥ. ಅದನ್ನು ದಾಖಲೆಯ ಮೊದಲ ಸಾಲಿನಲ್ಲೇ ಬರೆಯಬೇಕು.

ಯಂತ್ರದ ಸಡಿಲ ನಿಯಮಗಳೂ ಸಂದುಗಳೇ. ‘ಐಪಿ_ಅನ್‌ಪ್ರಿವಿಲೇಜ್ಡ್_ಪೋರ್ಟ್_ಸ್ಟಾರ್ಟ್’ ಅನ್ನುವ ಸೆಟ್ಟಿಂಗ್ ಸಾಮಾನ್ಯವಾಗಿ 1024. ಯಾರೋ ಅದನ್ನು 0 ಮಾಡಿದ್ದರೆ ಆ ನೆಟ್‌ವರ್ಕ್ ನೇಮ್‌ಸ್ಪೇಸ್‌ನಲ್ಲಿ ಯಾರು ಬೇಕಾದರೂ 123ರಲ್ಲಿ ಕೂರಬಹುದು. ಆಗ ನಿಮ್ಮ ಕ್ಯಾಪ್_ನೆಟ್_ಬೈಂಡ್_ಸರ್ವಿಸ್ ಸಾಲಿಗೆ ಅರ್ಥವೇ ಇಲ್ಲ.

ಇನ್ನು ಪ್ರೋಗ್ರಾಮ್‌ಗಳಿಗೆ ಹೆಚ್ಚುವರಿ ನಿಯಮ ಹಾಕುವ ಅಪ್‌ಆರ್ಮರ್ ಅಥವಾ ಎಸ್‌ಇಲಿನಕ್ಸ್. ಪ್ರಾಕ್ ಒಳಗೆ ‘ಆಟ್ರ್’ ಡೈರೆಕ್ಟರಿಯ ‘ಕರೆಂಟ್’ ಫೈಲ್ ಓದಿ, ಬಂದದ್ದನ್ನು ಹಾಗೇ ಬರೆಯಿರಿ. ಅಪ್‌ಆರ್ಮರ್‌ನಲ್ಲಿ ‘ಕಂಪ್ಲೇನ್’ ಅಂತ ಇದ್ದರೆ ಅದು ದೂರು ಬರೆದಿಡುತ್ತದೆಯೇ ಹೊರತು ತಡೆಯುವುದಿಲ್ಲ. ಸಿಗ್ರೂಪ್ ವಿಷಯ ಚಿಕ್ಕದು. ಮೆಮೊರಿ ಎಷ್ಟು, ಪ್ರೋಸೆಸ್ ಎಷ್ಟು ಅನ್ನುವ ಮಿತಿ ಬರೆದರೆ ಸಾಕು.

ಹೆಜ್ಜೆ 7: ಬರೆದದ್ದು ನಿಜವೇ ಅಂತ ಮುರಿದು ನೋಡಿ

‘ತೆಗೆದರೆ ಇದು ನಿಲ್ಲುತ್ತದೆ’ ಅಂತ ಬರೆದಿದ್ದೀರಿ. ಪರೀಕ್ಷಾ ಯಂತ್ರದಲ್ಲಿ ತೆಗೆದು ನೋಡಿ. ಸಿಸ್ಟಮ್‌ಡಿಯ ‘ಕೇಪಬಿಲಿಟಿಬೌಂಡಿಂಗ್‌ಸೆಟ್’ ಸಾಲಿನಿಂದ ಒಂದೊಂದೇ ತೆಗೆಯಿರಿ, ಸರ್ವಿಸ್ ಮತ್ತೆ ಶುರು ಮಾಡಿ, ಏನಾಯಿತು ಅಂತ ಬರೆಯಿರಿ. ತೆಗೆದರೂ ಏನೂ ನಿಲ್ಲದಿದ್ದರೆ ಆ ಅಧಿಕಾರ ಬೇಕಿರಲಿಲ್ಲ. ಈ ಹೆಜ್ಜೆಯಲ್ಲಿ ನಾನು ಪ್ರತಿ ಸಲವೂ ಒಂದಾದರೂ ಬೇಡದ ಅಧಿಕಾರ ಕಂಡಿದ್ದೇನೆ.

ಎಚ್ಚರ ಒಂದೇ: ಅಧಿಕಾರ ತೆಗೆಯುವುದು ಯಾವಾಗಲೂ ಕ್ಷೇಮ ಅಲ್ಲ. 2000ನೇ ಇಸವಿಯಲ್ಲಿ ನಡೆದದ್ದು ಕೇಳಿ. 2.2.15 ಮತ್ತು ಅದಕ್ಕಿಂತ ಹಳೆಯ 2.2 ಕರ್ನಲ್‌ಗಳಲ್ಲಿ, ಸಾಮಾನ್ಯ ಬಳಕೆದಾರನೊಬ್ಬ ಕ್ಯಾಪ್_ಸೆಟ್‌ಯುಐಡಿ (ಯುಐಡಿ ಬದಲಿಸುವ ಅಧಿಕಾರ) ಇಲ್ಲದಂತೆ ಮಾಡಿ ಸೆಂಡ್‌ಮೇಲ್ ಅನ್ನುವ ಇಮೇಲ್ ಪ್ರೋಗ್ರಾಮ್ ಓಡಿಸಬಹುದಿತ್ತು. ಸೆಂಡ್‌ಮೇಲ್ ರೂಟ್ ಆಗಿ ಶುರುವಾಗಿ, ರೂಟ್ ಬಿಡಲು ಸೆಟ್‌ಯುಐಡಿ ಕರೆಯುತ್ತಿತ್ತು. ಆ ಕರೆ ಈಗ ವಿಫಲ. ಕರೆ ವಿಫಲವಾಯಿತೇ ಅಂತ ಅದು ನೋಡುತ್ತಿರಲಿಲ್ಲ. ರೂಟ್ ಬಿಟ್ಟೆ ಅಂದುಕೊಂಡು, ರೂಟ್ ಆಗಿಯೇ ಮುಂದುವರಿಯಿತು. 2.2.16ರಲ್ಲಿ ಕರ್ನಲ್ ಸರಿಯಾಯಿತು. ಆದ್ದರಿಂದ ಅಧಿಕಾರ ತೆಗೆದ ಮೇಲೆ ‘ಸರ್ವಿಸ್ ಓಡುತ್ತಿದೆ’ ಅನ್ನುವುದು ಸಾಲದು. ಹೆಜ್ಜೆ 2 ಮತ್ತು 3ಕ್ಕೆ ವಾಪಸ್ ಹೋಗಿ, ಯುಐಡಿಯ ನಾಲ್ಕು ಸಂಖ್ಯೆ ಮತ್ತು ಐದು ಸಾಲು ಮತ್ತೆ ಓದಿ.

‘ಸಿಸ್ಟಮ್‌ಡಿ-ಅನಲೈಜ್ ಸೆಕ್ಯುರಿಟಿ’ ಅನ್ನುವ ಕಮಾಂಡ್ 0ಯಿಂದ 10ರವರೆಗೆ ಒಂದು ಅಂಕ ಕೊಡುತ್ತದೆ. ಏನು ಬಿಟ್ಟುಹೋಯಿತು ಅಂತ ನೆನಪಿಸಲು ಒಳ್ಳೆಯದು. ಆದರೆ ಅದು ನೋಡುವುದು ಯೂನಿಟ್ ಫೈಲಿನ (ಸರ್ವಿಸ್ ಹೇಗೆ ಓಡಬೇಕು ಅಂತ ಸಿಸ್ಟಮ್‌ಡಿಗೆ ಹೇಳುವ ಫೈಲಿನ) ಸೆಟ್ಟಿಂಗ್‌ಗಳನ್ನು. ಕ್ರೋನಿಯಂತೆ ತಾನೇ ಅಧಿಕಾರ ಬಿಡುವ ಪ್ರೋಗ್ರಾಮ್‌ನ ಶ್ರಮ ಅದಕ್ಕೆ ಕಾಣುವುದಿಲ್ಲ. ಆ ಅಂಕವನ್ನೇ ದಾಖಲೆ ಅಂತ ಅಂಟಿಸಬೇಡಿ.

ಹೆಜ್ಜೆ 8: ಎಲ್ಲಿಡಬೇಕು, ಯಾವಾಗ ತಿದ್ದಬೇಕು

ಯೂನಿಟ್ ಫೈಲ್ ಇರುವ ಗಿಟ್ ರೆಪೊಸಿಟರಿಯಲ್ಲೇ, ಅದರ ಪಕ್ಕದಲ್ಲೇ ಇಡಿ. ಬೇರೆ ಕಡೆ ಇಟ್ಟರೆ ಒಂದು ಬದಲಾಗುತ್ತದೆ, ಇನ್ನೊಂದು ಹಾಗೇ ಉಳಿಯುತ್ತದೆ. ತಲೆಯಲ್ಲಿ ನಾಲ್ಕು ವಿಷಯ ಇರಲಿ: ನೋಡಿದ ತಾರೀಖು, ಕರ್ನಲ್ ಆವೃತ್ತಿ, ಪ್ರೋಗ್ರಾಮ್ ಆವೃತ್ತಿ, ಕೊನೆಯ ಕೇಪಬಿಲಿಟಿ ಸಂಖ್ಯೆ. ‘ಯಾಕೆ’ ಕಾಲಂ ಅನ್ನು ತಂಡ ಮಾತಾಡುವ ಭಾಷೆಯಲ್ಲೇ ಬರೆಯಿರಿ. ನಮ್ಮ ತಂಡದಲ್ಲಿ ಅದು ಕನ್ನಡದಲ್ಲಿತ್ತು. ಇಂಗ್ಲಿಷ್‌ನಲ್ಲಿ ಬರೆಯುತ್ತಿದ್ದಾಗ ಎಲ್ಲೋ ಓದಿದ ಸಾಲನ್ನು ತಂದು ಅಂಟಿಸುತ್ತಿದ್ದವರು, ಕನ್ನಡಕ್ಕೆ ಬಂದಾಗ ನಿಜವಾಗಿ ಯೋಚಿಸಿ ಬರೆದರು.

ಆಮೇಲೆ ಒಂದು ಪುಟ್ಟ ಸ್ಕ್ರಿಪ್ಟ್ ಬರೆಯಿರಿ. ಸ್ಟೇಟಸ್ ಫೈಲ್‌ನಿಂದ ಯುಐಡಿ, ಗುಂಪು, ಐದು ಕ್ಯಾಪ್ ಸಾಲು, ನೋನ್ಯೂಪ್ರಿವ್ಸ್, ಸೆಕ್‌ಕಾಂಪ್ ತೆಗೆದು ದಾಖಲೆಯಲ್ಲಿ ಇರುವುದಕ್ಕೆ ಹೋಲಿಸಲಿ. ವ್ಯತ್ಯಾಸ ಬಂದರೆ ಕೂಗಲಿ. ಇಪ್ಪತ್ತು ಮೂವತ್ತು ಸಾಲಿನ ಕೆಲಸ. ನಮ್ಮ ಬ್ಯಾಕಪ್ ಸರ್ವಿಸ್‌ಗೆ ಇದು ಇದ್ದಿದ್ದರೆ ಆ 4 ಮೊದಲ ದಿನವೇ ಕಣ್ಣಿಗೆ ಬೀಳುತ್ತಿತ್ತು.

ಕರ್ನಲ್ ಬದಲಾದಾಗ ಕೈಯಿಂದಲೂ ಒಮ್ಮೆ ಓದಿ. 2020ರ 5.8 ಕರ್ನಲ್‌ನಲ್ಲಿ ಕ್ಯಾಪ್_ಪರ್ಫ್‌ಮಾನ್ ಮತ್ತು ಕ್ಯಾಪ್_ಬಿಪಿಎಫ್ ಅನ್ನುವ ಎರಡು ಹೊಸ ಅಧಿಕಾರ ಬಂದವು: ಮೊದಲನೆಯದು ವೇಗ ಅಳೆಯಲು (ಪರ್ಫ್), ಎರಡನೆಯದು ಕರ್ನಲ್ ಒಳಗೆ ಪುಟ್ಟ ಪ್ರೋಗ್ರಾಮ್ ಓಡಿಸಲು (ಬಿಪಿಎಫ್). ಅಲ್ಲಿಯವರೆಗೆ ಆ ಕೆಲಸಗಳಿಗೆ ಕ್ಯಾಪ್_ಸಿಸ್_ಅಡ್ಮಿನ್ ಕೊಡಬೇಕಿತ್ತು. ಯಂತ್ರದ ವೇಗ ಅಳೆಯುವ ನಿಮ್ಮ ಯಾವುದೋ ಸಾಧನ ಇನ್ನೂ ಹಳೆಯ ಬಿಟ್ ಹಿಡಿದುಕೊಂಡು ಓಡುತ್ತಿರಬಹುದು. ಹಳೆಯ ಕರ್ನಲ್ ಜೊತೆ ಹೊಂದಿಕೊಳ್ಳಲಿ ಅಂತ ಕರ್ನಲ್ ಅದನ್ನು ಈಗಲೂ ಒಪ್ಪುತ್ತದೆ, ಆದ್ದರಿಂದ ಯಾವ ಎರರೂ ಬರುವುದಿಲ್ಲ. ನಿಮ್ಮ ದಾಖಲೆಗಳಲ್ಲಿ ಕ್ಯಾಪ್_ಸಿಸ್_ಅಡ್ಮಿನ್ ಅಂತ ಹುಡುಕಿ, ಪ್ರತಿ ಸಾಲಿನ ‘ಯಾಕೆ’ ಓದಿ. ಅಲ್ಲಿ ಪರ್ಫ್ ಅಂತಲೋ ಬಿಪಿಎಫ್ ಅಂತಲೋ ಬರೆದಿದ್ದರೆ ಆ ದೊಡ್ಡ ಬಿಟ್ ಇವತ್ತೇ ತೆಗೆದು, ಚಿಕ್ಕದನ್ನು ಹಾಕಿ, ಹೆಜ್ಜೆ 7ರಂತೆ ಪರೀಕ್ಷಿಸಿ.